ಈರುಳ್ಳಿ ಮಂಡಿಗೆ ನುಗ್ಗಿದ ಬ್ಯಾಂಡು

ನಮ್ಮ ಭಾವನವರು ತಮ್ಮ ಜೀವಮಾನದಲ್ಲಿ ಒಂದು ದಿನವೂ ನಡೆದವರಲ್ಲ! ಅಯ್ಯೋ ಪಾಪ, ಕಾಲಿಗೆ ಏನಾಗಿತ್ತು ಎಂದು ಮರುಗಬೇಡಿ. ಎರಡು ಕಾಲೂ ಗಟ್ಟಿಯಾಗಿವೆ. ಎಂಬತ್ತು ದಾಟಿದ ಮೇಲೂ ನನ್ನವಕ್ಕಿಂತ ಗಟ್ಟಿಯಾಗಿವೆ. ಅವರು ನಡೆಯುವುದಿಲ್ಲ, ಮಾರ್ಚ್ ಮಾಡುತ್ತಾರೆ, ಅಷ್ಟೆ. ಹಿತ್ತಿಲಿಗೆ ಹೋಗುವುದಾದರೂ ಎಡಗಾಲನ್ನೇ ಮೊದಲು ಎತ್ತಬೇಕು, ಕೈಯನ್ನು ಭುಜದ ಮಟ್ಟಕ್ಕೆ ಬೀಸಬೇಕು, ಬಚ್ಚಲಿನ ಹತ್ತಿರ ಹಿಮ್ಮಡಿ ಕೂಡಿಸಿ ಗಿರ್ರನೆ ತಿರುಗಬೇಕು. ಕೈಯಲ್ಲಿ ತಂಬಿಗೆಯಿದ್ದರೆ ನೀರು ಚೆಲ್ಲುವುದಿಲ್ಲವೇ? ಚೆಲ್ಲುತ್ತದೆ. ಚೆಲ್ಲಿದರೆ ವಾಪಸು ಬಂದು ತುಂಬಿಸಿಕೊಂಡು ಮತ್ತೆ ಮಾರ್ಚ್!

ಇದಕ್ಕೆಲ್ಲ ಕಾರಣ, ಐವತ್ತರ ದಶಕದಲ್ಲಿ ಚಾಮರಾಜನಗರದ ನಮ್ಮ ಹೈಸ್ಕೂಲಿನಲ್ಲಿದ್ದ ಡ್ರಮ್ಮು–ಬ್ಯೂಗಲ್ಲುಗಳ ಬ್ಯಾಂಡು. ಭಾವನವರು ಅದರ ಕ್ಯಾಪ್ಟನ್ನು, ದೊಡ್ಡ ಡ್ರಮ್ಮು ಬಾರಿಸುವವರು. ದಸರಾ ರಜೆ ಮುಗಿಯುತ್ತಲೇ ಅಭ್ಯಾಸ ಶುರುವಾಗಿ ಜನವರಿಯಲ್ಲಿ ಗುಂಡ್ಲುಪೇಟೆಯವರ ಮೇಲೆ ಪಂದ್ಯ. ಗೆದ್ದವರಿಗೆ ಒಂದು ಷೀಲ್ಡು. ಅಷ್ಟು ತಿಂಗಳಿಗೆ ಭಾವನವರು 'ಸೀಸನ್ನು' ಎನ್ನುತ್ತಾರೆ. ಲೋಕಕ್ಕೆ ಮಳೆಗಾಲ, ಚಳಿಗಾಲ, ಬೇಸಿಗೆ. ಅವರಿಗೆ ಮೊದಲನೇ ಸೀಸನ್ನು, ಎರಡನೇ ಸೀಸನ್ನು, ಮೂರನೇ ಸೀಸನ್ನು. ಅಲ್ಲಿಗೆ ಕಾಲವೇ ಮುಗಿಯಿತು! ಊರಿನಲ್ಲಿ ಯಾರ ಮಗ ಯಾವಾಗ ಹುಟ್ಟಿದನೆಂದು ಕೇಳಿದರೂ, ಸೈಡ್ ಡ್ರಮ್ಮಿನ ಹಗ್ಗ ಹರಿದ ವಾರ ಎಂದೋ ಬ್ಯೂಗಲ್ಲಿನೊಳಗೆ ಕಣಜ ಗೂಡು ಕಟ್ಟಿದ ವರ್ಷ ಎಂದೋ ಉತ್ತರ ಬರುತ್ತದೆ.

ಈಗಿನ ಸ್ಕೂಲು ಮಕ್ಕಳು ಬೀದಿಯಲ್ಲಿ ಬಾರಿಸಿಕೊಂಡು ಹೋದರೆ ಭಾವನವರು ಜಗಲಿಯ ಮೇಲೆ ನಿಂತು ತಲೆ ತಲೆ ಚಚ್ಚಿಕೊಳ್ಳುತ್ತಾರೆ. ಅವರ ಪ್ರಕಾರ ಅದು ಡ್ರಮ್ಮಲ್ಲ, ಬಕೀಟು ಮಗುಚಿದ ಸದ್ದು. ನಮ್ಮ ಕಾಲದ ಡ್ರಮ್ಮಿನ ಚರ್ಮ ಪುಣಜನೂರು ಕಾಡಿನ ಕಡೆಯ ಮೇಕೆಯದು. ಮೊದಮೊದಲು ಅದು ಬರೀ ಮೇಕೆಯಾಗಿತ್ತು. ನನಗೆ ಮದುವೆಯಾಗುವ ಹೊತ್ತಿಗೆ ಚಿರತೆಯಿಂದ ತಪ್ಪಿಸಿಕೊಂಡ ಮೇಕೆಯಾಯಿತು. ಮೊಮ್ಮಕ್ಕಳ ಕಾಲಕ್ಕೆ ಚಿರತೆ ಹೋಗಿ ಹುಲಿ ಬಂದಿದೆ.

"ಉಲಿ ಗರ್ಜ್ನ ಕೇಳ್ಕಂಡು ಬೆಳೆದ ಮೇಕ ಕಣ್ಲಾ ಅದು," ಎನ್ನುತ್ತಾರೆ. "ಆ ಚರ್ಮಕ್ಕ ನಡುಗೋದು ಉಟ್ಟುಗುಣ. ನಾವು ಕೋಲು ತೋರ್ಸುದ್ರ ಸಾಕು, ಅದೇ ಬಾರ್ಸ್ಕತಿತ್ತು."

ಅವರ ಮದುವೆಯ ಕಥೆ ಕೇಳಿ. ಬದನಗುಪ್ಪೆಯ ಹತ್ತಿರದ ನಮ್ಮೂರಿನಿಂದ ನನ್ನಕ್ಕ ಅವರ ಮನೆಗೆ ಸೊಸೆಯಾಗಿ ಹೋದ ದಿನ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದಾರೆ. ಬಲಗಾಲಿನಿಂದ ಮೆಲ್ಲಗೆ ಒದ್ದು ಒಳಗೆ ಬಾ ಎಂದು ಅವ್ವ ನೂರು ಸಲ ಹೇಳಿಕೊಟ್ಟಿದ್ದಾಳೆ. ಅಕ್ಕ ಬಲಗಾಲು ಎತ್ತಿದಳು. ಪಕ್ಕದಲ್ಲಿದ್ದ ಮದುವೆ ಗಂಡು ತುಟಿ ಅಲುಗಿಸದೆ, "ಲೆಫ್ಟ್," ಎಂದರು. ಇಂಗ್ಲಿಷು ಬಾರದ ಅಕ್ಕ ಗಾಬರಿಯಾಗಿ ಅವರ ಕಾಲು ನೋಡಿದಳು. ಅವರದು ಎಡಗಾಲು ಮೇಲೆದ್ದಿದೆ. ಗಂಡ ಮಾಡಿದಂತೆ ಮಾಡಬೇಕೇನೋ ಎಂದು ಇವಳೂ ಕಾಲು ಬದಲಾಯಿಸಿ ಝಾಡಿಸಿದಳು. ಸೇರು ಹಾರಿ ಅತ್ತೆಯ ಹೆಬ್ಬೆರಳಿನ ಮೇಲೆ ಬಿತ್ತು! ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಭಾವನವರು ಮಾತ್ರ ಅಕ್ಕನ ಕಡೆ ಮೆಚ್ಚುಗೆಯಿಂದ ನೋಡಿ, ಹೆಜ್ಜೆ ಚೆನ್ನಾಗಿ ಕೂಡಿತು ಎಂದರಂತೆ. ಎಡಗಾಲಿಟ್ಟು ಬಂದ ಸೊಸೆ ಬಾಳುತ್ತಾಳೆಯೇ ಎಂದು ಆ ಅತ್ತೆ ವರ್ಷವೆಲ್ಲ ಕಾದರು. ಅಕ್ಕ ಬಾಳಿದಳು; ಹೆಬ್ಬೆರಳೂ ವಾಸಿಯಾಯಿತು.

ಇಷ್ಟು ಹೇಳಿ ನಕ್ಕು ಮುಗಿಸಬಹುದಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಇಷ್ಟಕ್ಕೇ ನಗುವುದು. ಆದರೆ ಮೂರನೇ ಸೀಸನ್ನಿನ ನಂತರ ನಾಲ್ಕನೆಯದು ಏಕಿಲ್ಲ ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಉತ್ತರ ಗೊತ್ತಿದ್ದವನು ನಾನೊಬ್ಬನೇ ಎಂದು ಬಹಳ ಕಾಲ ನಂಬಿದ್ದೆ. ಈಗ ಅದನ್ನು ಬರೆದುಬಿಡುತ್ತೇನೆ.

ಆಗ ಅವರಿನ್ನೂ ಭಾವನಲ್ಲ. ನನಗಿಂತ ಮೂರು ಕ್ಲಾಸು ಮುಂದಿರಬೇಕಾಗಿದ್ದ, ಎರಡು ಸಲ ಫೇಲಾಗಿ ಒಂದೇ ಕ್ಲಾಸು ಮುಂದಿದ್ದ ಕ್ಯಾಪ್ಟನ್ನು. ನಾನು ಸೈಡ್ ಡ್ರಮ್ಮು ಬಾರಿಸುತ್ತಿದ್ದೆ. ಮೂರನೇ ಸೀಸನ್ನಿನ ವರ್ಷ ಅವರು, ನನ್ನ ಕೈ ಓಡುತ್ತದೆ, ತಾಳ ನಿಲ್ಲುವುದಿಲ್ಲ ಎಂದು ಹೇಳಿ ಡ್ರಮ್ಮು ಕಿತ್ತುಕೊಂಡು ನನಗೆ ಟ್ರಯಾಂಗಲ್ ಕೊಟ್ಟರು. ಟ್ರಯಾಂಗಲ್ ಎಂದರೆ ಏನು? ಮೂರು ಮೂಲೆಯ ಒಂದು ಕಬ್ಬಿಣದ ಕಡ್ಡಿ. ಕೊನೇ ಸಾಲಿನಲ್ಲಿ ನಿಂತು ಕಿಣಿ ಕಿಣಿ ಎನ್ನಿಸಬೇಕು. ಹುಡುಗರು ನನ್ನನ್ನು ಪೂಜಾರಪ್ಪ ಎಂದು ಕರೆಯತೊಡಗಿದರು. ಆ ಉರಿ ನನ್ನ ಹೊಟ್ಟೆಯಿಂದ ಇಳಿಯಲಿಲ್ಲ.

ಅದೇ ವರ್ಷ, ಇನ್ನು ಮುಂದೆ ಕವಾಯತಿನ ಆಜ್ಞೆಗಳೆಲ್ಲ ಹಿಂದಿಯಲ್ಲಿ ಎಂದು ಹೊಸ ಹುಕುಂ ಬಂತು. ನಮ್ಮ ಡ್ರಿಲ್ ಮೇಷ್ಟ್ರು ಒಂದು ಕಾಗದದ ಮೇಲೆ ಹಿಂದಿ ಮಾತುಗಳನ್ನೂ ಎದುರಿಗೆ ಕನ್ನಡ ಅರ್ಥವನ್ನೂ ಬರೆದರು. ಹೇಳಿಕೊಡುವ ಮೊದಲೇ ಅವರಿಗೆ ಚಳಿಜ್ವರ ಬಂದು ಮಲಗಿದರು. ಮಜ್ಜಿಗೆ ಕೊಡಲು ಹೋದ ನನ್ನ ಕೈಯಲ್ಲಿ ಆ ಕಾಗದವಿಟ್ಟು, ಇವತ್ತೇ ಕ್ಯಾಪ್ಟನ್ನಿಗೆ ಕೊಡು, ಮರೆಯಬೇಡ ಎಂದರು.

ನಾನು ಮರೆಯಲಿಲ್ಲ. ಮಡಚಿ ಖಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ, ನಾಲ್ಕು ದಿನ. ಕ್ಯಾಪ್ಟನ್ನು ಒಂದೆರಡು ಕಡೆ ತಪ್ಪಲಿ, ಎಲ್ಲರೂ ನಗಲಿ, ಆಮೇಲೆ ಹೇಳಿದರಾಯಿತು ಎಂಬುದು ನನ್ನ ಲೆಕ್ಕ. ಈ ಸಲ ಮೈಸೂರಿನಿಂದ ದೊಡ್ಡ ಬ್ಯಾಂಡಿನವರೊಬ್ಬರು ಬಂದು ಒಬ್ಬ ಹುಡುಗನನ್ನು ಸಂಬಳದ ಮೇಲೆ ಆರಿಸಿಕೊಳ್ಳುತ್ತಾರೆ, ಅದು ನಮ್ಮ ಕ್ಯಾಪ್ಟನ್ನೇ ಎಂದು ಇಡೀ ಹೈಸ್ಕೂಲು ಮಾತಾಡುತ್ತಿತ್ತು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಇಟ್ಟುಕೊಂಡೆ.

ಲಾರಿಯಲ್ಲಿ ಡ್ರಮ್ಮುಗಳ ನಡುವೆ ಕೂತು ಗುಂಡ್ಲುಪೇಟೆಗೆ ಹೋದೆವು. ಡ್ರಿಲ್ ಮೇಷ್ಟ್ರ ಬದಲು ಕನ್ನಡ ಪಂಡಿತರು ಜೊತೆಗೆ ಬಂದರು. ಎಂಥ ಮಾತನ್ನಾದರೂ ಬಿಡಿಸಿ ಅರ್ಥ ಹೇಳುವುದರಲ್ಲಿ ಅವರು ನಿಸ್ಸೀಮರು. ನಮ್ಮ ಗ್ರಹಚಾರ!

ಮೈದಾನದಲ್ಲಿ ಎರಡು ತಂಡಗಳೂ ನಿಂತವು. ವೇದಿಕೆಯ ಮುಂದಿದ್ದ ಮೀಸೆಯ ಅಧಿಕಾರಿ, "ಸಾವಧಾನ್!" ಎಂದು ಗುಡುಗಿದರು. ಗುಂಡ್ಲುಪೇಟೆಯವರು ಹಿಮ್ಮಡಿ ಬಡಿದು ಕಂಬದಂತೆ ನೆಟ್ಟಗಾದರು. ನಮ್ಮ ಕ್ಯಾಪ್ಟನ್ನು ಪಂಡಿತರ ಮುಖ ನೋಡಿದರು. ಪಂಡಿತರು ಎರಡು ಅಂಗೈಯನ್ನೂ ಕೆಳಕ್ಕೆ ಆಡಿಸುತ್ತಾ, ನಿಧಾನ, ನಿಧಾನ, ಅವಸರ ಬೇಡ ಅನ್ನುತ್ತಿದ್ದಾರೆ ಎಂದರು. ನಾವೆಲ್ಲ ಹಾಯಾಗಿ ಸಡಿಲಬಿಟ್ಟು ನಿಂತೆವು. ಅಧಿಕಾರಿ ಕಣ್ಣು ಕೆಂಪು ಮಾಡಿ, "ವಿಶ್ರಾಮ್!" ಎಂದರು. ಇದಕ್ಕೆ ಪಂಡಿತರು ಬೇಕೇ? ಹುಡುಗರು ಡ್ರಮ್ಮು ಇಳಿಸಿ ಹುಲ್ಲಿನ ಮೇಲೆ ಕೂತೇಬಿಟ್ಟರು. ಬ್ಯೂಗಲ್ಲಿನವನು ಕಡಲೆಪುರಿಯ ಪೊಟ್ಟಣ ಬಿಚ್ಚಿದ.

ಇಲ್ಲಿಗೆ ನನ್ನ ಲೆಕ್ಕ ಪೂರೈಸಿತ್ತು. ಜನ ನಕ್ಕಾಗಿತ್ತು. ಎದ್ದು ಹೋಗಿ ಕಾಗದ ಕೊಡಬೇಕಾಗಿತ್ತು. ಆದರೆ ನನಗೇ ನಗು ತಡೆಯಲಾಗುತ್ತಿರಲಿಲ್ಲ.

"ಸಾವಧಾನ್! ತೇಜ್ ಚಲ್!"

ತೇಜ್ ಎಂದರೆ ತೇಜಸ್ಸು, ಮುಖದಲ್ಲಿ ಕಳೆ ಇರಬೇಕಂತೆ ಎಂದು ಪಂಡಿತರು ಸನ್ನೆ ಮಾಡಿದರು. ಗುಂಡ್ಲುಪೇಟೆಯವರು ಬಿರಬಿರನೆ ಹೊರಟರು. ನಾವು ಹಲ್ಲು ಕಿರಿದುಕೊಂಡು, ಗರ್ಭಿಣಿಯರನ್ನು ತವರಿಗೆ ಕರೆದೊಯ್ಯುವ ಗಾಡಿಯ ಹಾಗೆ, ಒಂದೊಂದೇ ಹೆಜ್ಜೆ ಇಟ್ಟು ಹಿಂದೆ ಹೋದೆವು. ವೇದಿಕೆಯ ಎದುರು ಬಂದಾಗ ಅಧಿಕಾರಿ, "ಥಮ್!" ಎಂದರು. ನಿಲ್ಲಿ ಎಂದು ಅದರರ್ಥ. ಗುಂಡ್ಲುಪೇಟೆಯವರು ನಿಂತರು. ನಮ್ಮ ಕ್ಯಾಪ್ಟನ್ನಿಗೆ ಮಾತ್ರ ಅಂದು ಮೊದಲ ಸಲ ತನಗೆ ತಿಳಿಯುವ ಭಾಷೆಯೊಂದು ಕೇಳಿಸಿತು. ಕೋಲೆತ್ತಿ ದೊಡ್ಡ ಡ್ರಮ್ಮಿಗೆ ಒಂದು ಏಟು ಕೊಟ್ಟರು: ಧಮ್!

"ಥಮ್!"

ಧಮ್!

"ಥಮ್! ಥಮ್!"

ಧಮ್! ಧಮ್!

ಎದುರಾಳಿಗಳು ನಿಂತುಬಿಟ್ಟಿದ್ದಾರೆ, ಸುಸ್ತಾಗಿರಬೇಕು, ಗೆದ್ದೆವು ಎಂಬ ಹುರುಪಿನಲ್ಲಿ ನಮ್ಮವರು ಅವರನ್ನು ದಾಟಿ, ಗೇಟು ದಾಟಿ, ರಸ್ತೆ ದಾಟಿ, ಎದುರಿಗಿದ್ದ ಈರುಳ್ಳಿ ಮಂಡಿಗೆ ನುಗ್ಗಿದರು. ಅಧಿಕಾರಿ ಥಮ್ ಎನ್ನುತ್ತಾ ಹಿಂದೆಯೇ ಓಡಿ ಬರುತ್ತಿದ್ದರು. ಮಂಡಿಯಲ್ಲಿ ಮುಂದೆ ಗೋಡೆ, ಪಕ್ಕದಲ್ಲಿ ಈರುಳ್ಳಿಯ ಗುಡ್ಡೆ. ಕೊನೇ ಸಾಲಿನ ನಾನು ಎಡವಿ ಗುಡ್ಡೆಯ ಮೇಲೆ ಬೋರಲು ಬಿದ್ದೆ. ಕ್ಯಾಪ್ಟನ್ನೇ ಬಂದು ರಟ್ಟೆ ಹಿಡಿದು ಎತ್ತಿದರು. ಎಲ್ಲರ ಕಣ್ಣಲ್ಲೂ ನೀರಿತ್ತು. ಸೋಲಿಗೋ ಈರುಳ್ಳಿಗೋ ಹೇಳುವುದು ಕಷ್ಟ.

ಮೈಸೂರಿನವರು ಗುಂಡ್ಲುಪೇಟೆಯ ಹುಡುಗನೊಬ್ಬನ ಹೆಸರು ಬರೆದುಕೊಂಡು ಹೋದರು.

ಜ್ವರ ಬಿಟ್ಟು ಎದ್ದ ಡ್ರಿಲ್ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕಾಗದ ಎಲ್ಲಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ನು ಒಂದು ಹೆಜ್ಜೆ ಮುಂದೆ ಬಂದು, "ನನ್ ಕೈಗ ಬಂದಿತ್ತು ಸಾ. ನಾನೇ ಕಳ್ದಾಕ್ಬುಟ್ಟಿ," ಎಂದರು. ಬೆತ್ತ ಮುರಿಯಿತು. ಡ್ರಮ್ಮು ಬೀರು ಸೇರಿತು, ಬ್ಯಾಂಡು ಅಲ್ಲಿಗೆ ನಿಂತಿತು. ಇದ್ದಬದ್ದ ವಸ್ತುವನ್ನೆಲ್ಲ ಕಳೆಯುವ ಮನುಷ್ಯ, ಇದನ್ನೂ ತಾನೇ ಕಳೆದೆ ಅಂದುಕೊಂಡಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ. ಎಷ್ಟು ಅನುಕೂಲದ ಸಮಾಧಾನ!

ಅವರು ಆ ವರ್ಷವೇ ಓದು ಬಿಟ್ಟರು. ಡ್ರಮ್ಮು ಹೊತ್ತು ಒಳಗೆ ಬಂದವನ ಹೆಗಲು ನೋಡಿ ಮೆಚ್ಚಿದ್ದ ಮಂಡಿಯ ಯಜಮಾನರು ಕೆಲಸ ಕೊಟ್ಟರು. ಹಾಗೆ ಮಂಡಿಗೆ ಮಾರ್ಚ್ ಮಾಡಿಕೊಂಡು ಹೋದವರು ಮೂವತ್ತು ವರ್ಷ ಹೊರಗೆ ಬರಲಿಲ್ಲ! ಲಾರಿಗೆ ಮೂಟೆ ತುಂಬುವ ಹಮಾಲರಿಗೆ ಲೆಫ್ಟ್ ರೈಟ್ ಕಲಿಸಿದರು. ಮೂಟೆ ಹೊತ್ತ ಹತ್ತು ಜನ ಒಂದೇ ಹೆಜ್ಜೆಯಲ್ಲಿ ಬರುವುದನ್ನು ನೋಡಿ ಕೇರಳದ ಡ್ರೈವರುಗಳು, ಇದೇನು ಪಟ್ಟಾಳಮೋ, ದಂಡು ಬಂತೇ ಎಂದು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರಂತೆ.

ಅಕ್ಕನಿಗೆ ಅವರ ಸಂಬಂಧ ಬಂದಾಗ ಬೇಡವೆಂದು ಹಟ ಮಾಡಿದವನು ನಾನು. ಆ ಮನುಷ್ಯನಿಗೆ ತಲೆ ಸರಿಯಿಲ್ಲ ಎಂದು ಅಪ್ಪನ ಮುಂದೆ ಹೇಳಿದೆ. ತಲೆ ಸರಿಯಾಗಿಯೇ ಇತ್ತು. ಹಬ್ಬ ಹುಣ್ಣಿಮೆಗೆಲ್ಲ ಅವರೆದುರು ಕೂತು ಉಣ್ಣಬೇಕಲ್ಲ ಎಂಬುದೇ ನನ್ನ ಸಂಕಟ. ಅಪ್ಪ ನನ್ನ ಮಾತು ಕೇಳಲಿಲ್ಲ, ಪುಣ್ಯ.

ಹೋದ ವರ್ಷ ಒಂದು ಗೃಹಪ್ರವೇಶ ಮುಗಿಸಿಕೊಂಡು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ಭಾವನವರು ಎಂದಿನಂತೆ ಎರಡನೇ ಸೀಸನ್ನಿನ ವರ್ಣನೆ ಮಾಡುತ್ತಿದ್ದರು. ನನಗೆ ಇನ್ನು ಹೊರಲಾಗಲಿಲ್ಲ. ನಡುವೆ ಬಾಯಿ ಹಾಕಿ, ಆ ಕಾಗದ ನನ್ನ ಜೇಬಿನಲ್ಲೇ ಇತ್ತು, ಬೇಕೆಂದೇ ಕೊಡಲಿಲ್ಲ ಎಂದುಬಿಟ್ಟೆ.

ಅವರು ನನ್ನ ಕಡೆ ತಿರುಗಲೂ ಇಲ್ಲ.

"ಗೊತ್ತು ಕಣ್ಲಾ. ಈರುಳ್ಳಿ ಗುಡ್ಡ ಮೇಲ ಬಿದ್ದಲ್ಲ, ಆಗ ಜೋಬಿಂದ ಈಚ್ಗ ಬಂದಿತ್ತು. ನಾನೇ ಎತ್ತಿ ವಾಪಸ್ ತುರುಕ್ದಿ. ಮೇಷ್ಟ್ರು ಅಕ್ಸರ ನಂಗ ಗೊತ್ತಾಗದಿಲ್ವಾ?"

"ಮತ್ಯಾಕ ಭಾವ ಮೇಷ್ಟ್ರಿಗ ಏಳ್ನಿಲ್ಲ?"

"ಪಂದ್ಯದ ಹಿಂದ್ಲ ವಾರ ನಿಮ್ಮಪ್ಪ ಇಸ್ಕೂಲ್ಗ ಬಂದಿದ್ರು. ಇನ್ನೊಂದು ದೂರು ಬಂದ್ರ ಇವನ್ನ ಬುಡ್ಸಿ ಹೊಲದ ಆರಂಬಕ್ಕ ಹಾಕ್ತಿನಿ ಅಂತ ಎಡ್ಮಾಸ್ಟ್ರು ಮುಂದ ಕೂಗಾಡ್ತಿದ್ರು. ನಾನು ಅಲ್ಲೇ ಬಾಗ್ಲಲ್ಲಿದ್ದಿ. ನಾನೇನು, ಎರಡ್ ಸಲ ಪೇಲಾಗಿದ್ದೋನು. ನೀನು ಲೆಕ್ಕ ಮಾಡೋನು."

ಅವರು ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಾ, ಯಾರದೋ ಸುದ್ದಿ ಹೇಳುವವರಂತೆ ಮುಂದುವರಿಸಿದರು.

"ನಿನ್ ಪರೀಕ್ಸ ನಂಬರ್ನ ಮೇಷ್ಟ್ರತ್ರ ಕೇಳಿ ಬರ್ಸ್ಕಂಡಿದ್ದಿ. ಪೇಪರ್ನಲ್ಲಿ ಬಂದ ದಿವ್ಸ ಮಂಡಿಲಿ ಎಲ್ರಿಗೂ ಬೆಲ್ಲ ಕೊಟ್ಟಿ ಕಣ. ನಮ್ ಬ್ಯಾಂಡಿನೋನು ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಬುಟ್ಟ ಅಂತ."

ಆ ದಿನ ನಾನೂ ಗುಂಡ್ಲುಪೇಟೆಯಲ್ಲೇ ಇದ್ದೆ. ಪಾಸಾದ ಸುದ್ದಿ ಹೇಳಲು ಸೋದರತ್ತೆಯ ಮನೆಗೆ ಬಂದಿದ್ದೆ. ಮಂಡಿಯ ಮುಂದೆ ಹಾದರೆ ಅವರ ಮುಖ ನೋಡಬೇಕಾಗುತ್ತದೆಂದು, ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗಿದ್ದೆ.