ಚಂದ್ರಲೋಕದ ಪೇರಲ ಕಳ್ಳ

ಡಾಕ್ಟರಮ್ಮನ ಎತ್ತಿನ ಗಾಡಿ ಬೀದರಿನ ದಾರಿಯ ಹಲಬರ್ಗಾ ದಾಟಿತೆಂಬ ಸುದ್ದಿ ಕೇಳಿ, ಭಾಲ್ಕಿಯ ಬೆಲ್ಲದ ವ್ಯಾಪಾರಿ ವೈಜಿನಾಥ ತಕ್ಕಡಿ ಅಲ್ಲೇ ಬಿಟ್ಟು ಮನೆಗೆ ಓಡಿದ.

ಆಕೆ ಬರುವುದು ಸಂತೋಷವೇ. ಹೆರಿಗೆಯಲ್ಲಿ ಆಸೆ ಬಿಟ್ಟಿದ್ದ ಹೆಂಡತಿ ಗುರಮ್ಮನನ್ನೂ ಮಗಳನ್ನೂ ಬೀದರಿನ ಮಿಶನ್ ದವಾಖಾನೆಯಲ್ಲಿ ಉಳಿಸಿಕೊಟ್ಟ ತಾಯಿ. ಬೆಲ್ಲ ಒಯ್ದರೂ ಮುಟ್ಟಿರಲಿಲ್ಲ. "ಈ ಎರಡು ಮರಾಠಿ ಪುಸ್ತಕ ಓದಿ ಹ್ಯಾಂಗವ ಹೇಳ್ರಿ, ಸಾಕು" ಎಂದಿದ್ದರು. ಒಂದು, ಯಂತ್ರವೇರಿ ಚಂದ್ರನಿಗೆ ಹೋದವರ ಕತೆ. ಇನ್ನೊಂದು ಕಿರಿಸ್ತಾನರ ನೀತಿಕತೆ. ಅಂದಿನಿಂದ ಎರಡೂ ತೊಟ್ಟಿಲ ಕುಂಟುಕಾಲಿಗೆ ಆಸರೆಯಾಗಿದ್ದವು.

"ಜೀವ ಉಳಿಸಿದವರಿಗಿ ಏನಂತ ಹೇಳ್ತೀರಿ ಈಗ?" ಎಂದಳು ಗುರಮ್ಮ.

"ಎರಡು ಸಾಲಿಗೇ ಕಣ್ಣು ಮುಚ್ತಾವ, ನಾ ಏನ್ ಮಾಡ್ಲಿ?"

ಅವನು ಪುಸ್ತಕಗಳನ್ನು ಎಳೆದ. ತೊಟ್ಟಿಲು ವಾಲಿತು. ಕೂಸು ಚೀರಿದ್ದಕ್ಕೆ ಓಣಿಯೇ ಬಂತು. ಸಂಗತಿ ತಿಳಿದು ಸಾಲಿ ಮಾಸ್ತರ ಪ್ರಭಾಕರ ಚಂದ್ರನ ಕತೆಯನ್ನು ಕಸಿದುಕೊಂಡ. ಪಕ್ಕದ ಮನೆಯ ರುಕ್ಮಿಣಿಬಾಯಿ ನೀತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಓದಿ ಹೇಳ್ತೇವಿ, ಚಿಂತಿ ಮಾಡಬ್ಯಾಡ್ರಿ!"

ಗಾಡಿ ಓಣಿಗೆ ತಿರುಗಿದಾಗ ಇಬ್ಬರೂ ಓಡೋಡಿ ಬಂದು, ಒಬ್ಬೊಬ್ಬರು ಒಂದೊಂದು ಕಿವಿ ಹಿಡಿದು ಏಕಕಾಲಕ್ಕೆ ಕತೆ ಸುರಿದರು. ವೈಜಿನಾಥನ ತಲೆ ಕಲಸಿಟ್ಟ ಹಿಟ್ಟಿನಂತಾಯಿತು.

ಡಾಕ್ಟರಮ್ಮ ಕೂಸನ್ನು ಎತ್ತಿಕೊಂಡು ಕೇಳಿದರು: "ಪುಸ್ತಕ ಹ್ಯಾಂಗಿದ್ದವ್ರಿ, ವೈಜಿನಾಥಪ್ಪ?"

"ಭಾಳ ಚೊಲೋ ಅವರಿ. ಒಬ್ಬ ಕಳ್ಳ ತೋಟದಾಗಿನ ಪೇರಲ ಹಣ್ಣು ಕದ್ದು, ಕಬ್ಬಣದ ಯಂತ್ರ ಹತ್ತಿ ಚಂದ್ರಗ ಓಡಿ ಹೋದನ್ರಿ."

ಪ್ರಭಾಕರ ಕೆಮ್ಮಿದ. ರುಕ್ಮಿಣಿಬಾಯಿ ಹಣೆ ಬಡಿದುಕೊಂಡಳು. ವೈಜಿನಾಥನಿಗೆ ಅದು ಶಹಬ್ಬಾಸ್‌ಗಿರಿಯಂತೆ ಕಂಡಿತು.

"ತೋಟದ ಮಾಲಿ ಭಾಳ ದೊಡ್ಡ ಮನಸಿನವ. 'ಕ್ಷಮಾ ಮಾಡೀನಿ, ಬಾರಪಾ' ಅಂತ ಹೇಳಲಿಕ್ಕೆ ಚಂದ್ರನ ತನಕ ಬೆನ್ನು ಹತ್ತಿದ. ಆದರ ಒಂದು ತಪ್ಪದರಿ. ಅಷ್ಟು ದೂರದ ದಾರಿಗಿ ಇಬ್ಬರೂ ಬುತ್ತಿ ಕಟ್ಟಿಕೊಂಡಿಲ್ಲ. ತೋಟದಾಗ ಒಂದು ನಾಯಿ ಸಾಕಿದ್ರ ಇಷ್ಟು ಉದ್ದ ಪುಸ್ತಕಾನೇ ಬೇಕಾಗ್ತಿರಲಿಲ್ಲ ನೋಡ್ರಿ."

ಡಾಕ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ತೋಳಿನಲ್ಲಿದ್ದ ಕೂಸೂ ಕೇಕೆ ಹಾಕಿತು. ಅದು ಕೇಳಿ ವೈಜಿನಾಥ ಮಗಳ ಮುಖ ನೋಡಿದ. ಈ ನಗು ಇವರು ಕೊಟ್ಟದ್ದು. ಇವರ ಮುಂದೆ ಸುಳ್ಳಾಡಿದೆನಲ್ಲ!

"ಅಮ್ಮಾ, ಖರೇ ಹೇಳಬೇಕಂದ್ರ..." ಎಂದು ಕೈ ಮುಗಿದ.

"ನಾನೇ ಖರೇ ಹೇಳ್ತೇನಿ," ಎಂದರು ಅವರು. "ನನಗ ಮರಾಠಿ ಓದಲಿಕ್ಕೆ ಬರಲ್ರಿ. ಆ ಪುಸ್ತಕದಾಗ ಏನದ ನನಗೂ ಗೊತ್ತಿರಲಿಲ್ಲ. ದವಾಖಾನಿಯೊಳಗ ಮಲಗಿದವರಿಗಿ ಯಾವುದು ಓದಲಿಕ್ಕೆ ಕೊಡಬೇಕಂತ ಹೇಳೋರು ಬೇಕಾಗಿದ್ರು. ನಿಮ್ಮಂಥವರು ಸಿಕ್ಕಿದ್ದು ನಮ್ಮ ಪುಣ್ಯಾರಿ. ಔರಾದಿನವರು ಒಬ್ಬರು ತಮ್ಮ ಮನಿ ಪುಸ್ತಕ ಎಲ್ಲಾ ದಾನ ಕೊಟ್ಟಾರ. ಗಾಡಿಯೊಳಗ ಅವ. ಎಲ್ಲಾ ಓದಿ, ಹಿಂಗೇ ಹೇಳ್ರಿ."

ವೈಜಿನಾಥ ಇಣುಕಿ ನೋಡಿದ. ಎತ್ತುಗಳು ಸುಸ್ತಾಗಿದ್ದೇಕೆಂದು ತಿಳಿಯಿತು. ಸಹಾಯಕ್ಕೆಂದು ತಿರುಗಿದರೆ ಪ್ರಭಾಕರನೂ ಇಲ್ಲ, ರುಕ್ಮಿಣಿಬಾಯಿಯೂ ಇಲ್ಲ. ಓಣಿಯ ಉದ್ದಕ್ಕೂ ಅಗುಳಿ ಹಾಕುವ ಸದ್ದು.

ಗುರಮ್ಮ ಬಾಗಿಲಲ್ಲಿ ನಿಂತು ಮಗಳನ್ನೂ ಡಾಕ್ಟರಮ್ಮನನ್ನೂ ಕಣ್ತುಂಬ ನೋಡುತ್ತಿದ್ದಳು.

"ಇಳಿಸ್ರಿ ಅಮ್ಮಾ," ಎಂದ ವೈಜಿನಾಥ, ಆಗಲೇ ಆಕಳಿಸುತ್ತ. "ನಿಮ್ಮ ಋಣ ದೊಡ್ಡದು."