ಶನಿವಾರದ ಸೈರನ್ನು, ಶಿಸ್ತಿನ ಆಡುಗಳು

ನಮ್ಮ ಕೌಂಟಿ ಆಡಳಿತದವರು ಅಗ್ನಿಶಾಮಕ ಠಾಣೆಯ ಕೆಳಗೆ ಸುಂಟರಗಾಳಿಗೆಂದು ಸಾರ್ವಜನಿಕ ಆಶ್ರಯ ಕಟ್ಟಿಸಿ, ಅದರ ಬಾಗಿಲಿಗೆ ಒಂದು ಬೋರ್ಡು ಬಡಿದಿದ್ದಾರೆ: "ಪ್ರಾಣಿಗಳಿಗೆ ಪ್ರವೇಶವಿಲ್ಲ." ಆ ಬೋರ್ಡು ಹಾಕಿಸಿದ ಮಹನೀಯರೆಲ್ಲ ಚುನಾವಣೆಯ ಹೊತ್ತಿನಲ್ಲಿ ನಾಯಿಯ ಕುತ್ತಿಗೆ ತಬ್ಬಿ ಫೋಟೋ ತೆಗೆಸಿಕೊಂಡವರೇ. ಒಕ್ಲಹೋಮಾದಲ್ಲಿ ನಾಯಿ ಇಲ್ಲದವನನ್ನು ಯಾರೂ ನಂಬುವುದಿಲ್ಲ. ಗಾಳಿ ಎದ್ದಾಗ ಮಾತ್ರ ಆ ನಾಯಿ ಯಾರದೋ ಏನೋ.

ನಾನು ಊರಿನ ವಾರಪತ್ರಿಕೆಗೆ ಹತ್ತೊಂಬತ್ತು ವರ್ಷದಿಂದ ಅಂಕಣ ಬರೆಯುವವನು. (ಕಾಲೇಜಿಗೂ ಹೋಗಿದ್ದೇನೆ, ಅದರ ಚಾವಣಿ ರಿಪೇರಿಗೆ.) ಆ ಬೋರ್ಡಿನ ಮೇಲೆ ಮೂರು ವಾರ ಬರೆದೆ. ಮೂರನೆಯ ವಾರ ಸಿಟ್ಟು ನೆತ್ತಿಗೇರಿ ಒಂದು ರಾಜಶಾಸನವನ್ನೇ ಹೊರಡಿಸಿಬಿಟ್ಟೆ: "ಕೌಂಟಿ ಮುಚ್ಚಿದ ಬಾಗಿಲನ್ನು ನಾನು ತೆರೆಯುತ್ತೇನೆ. ನನ್ನ ಹಿತ್ತಲ ನೆಲಮಾಳಿಗೆ ಸಕಲ ಜೀವಿಗಳಿಗೂ ಮುಕ್ತ."

ಹೆಂಡತಿ ವರ್ಲೀನ್ ಅದನ್ನು ಓದಿ ಪತ್ರಿಕೆಯನ್ನು ಮಡಚಿಟ್ಟಳು. ಅವಳು ಏನನ್ನಾದರೂ ನಿಧಾನವಾಗಿ ಮಡಚಿದರೆ ನಾನು ಹಿತ್ತಲ ಬಾಗಿಲು ಎಷ್ಟು ದೂರವೆಂದು ನೋಡಿಕೊಳ್ಳುತ್ತೇನೆ.

"ಆ ನೆಲಮಾಳಿಗೇಲಿ ಎಂಟು ಜನ ಹಿಡೀತಾರೆ ಕ್ಲೈಟಸ್. ಅದೂ ಹೊಟ್ಟೆ ಒಳಗೆ ಎಳ್ಕೊಂಡು ಕೂತ್ರೆ."

"ನಾವಿರೋದೇ ಮೂರು ಜನ."

"ನಾಲ್ಕು ಆಡು, ಹನ್ನೊಂದು ಕೋಳಿ? ಸೋಫಾ ಗಾತ್ರದ ಆ ಹಂದಿ?"

"ಅವಕ್ಕೆಲ್ಲ ತರಬೇತಿ ಕೊಡ್ತೀನಿ."

ಬೀನ್ಸ್ ಬಿಡಿಸುತ್ತಿದ್ದ ನನ್ನ ಅತ್ತೆ ಓಪಲ್ ತಲೆ ಎತ್ತದೆ ಹೇಳಿದಳು: "ಬೂಟಿನ ಕೆಸರು ಒರೆಸ್ಕೊಂಡು ಒಳಗೆ ಬಾ ಅಂತ ಇಪ್ಪತ್ತಾರು ವರ್ಷದಿಂದ ಇವನಿಗೇ ಹೇಳ್ತಾ ಇದೀವಿ. ಈಗ ಇವನು ಹಂದಿಗೆ ಮೇಷ್ಟ್ರು."

ಇಂಥ ಅವಮಾನಗಳೇ ಮಹಾಪುರುಷರನ್ನು ತಯಾರಿಸುವುದು. ನಮ್ಮೂರಲ್ಲಿ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸುಂಟರಗಾಳಿ ಎಚ್ಚರಿಕೆಯ ಸೈರನ್ ಕೂಗಿಸಿ ಪರೀಕ್ಷೆ ಮಾಡುತ್ತಾರೆ. ಯಾರೂ ತಲೆ ಎತ್ತಿ ನೋಡುವುದಿಲ್ಲ, ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಅಷ್ಟೆ. ನಾನು ಅದನ್ನೇ ಹಿಡಿದೆ. ಸೈರನ್ ಕೂಗುತ್ತಲೇ ನೆಲಮಾಳಿಗೆಯ ಬಾಗಿಲು ತೆರೆದು, ಡಬ್ಬಿ ಬಡಿದು, ಒಳಗೆ ಮೆಕ್ಕೆಜೋಳ ಚೆಲ್ಲುವುದು. ಮೊದಲ ಶನಿವಾರ ಆಡೊಂದು ನನ್ನ ಮೊಣಕಾಲಿಗೆ ಗುದ್ದಿತು. ಮೂರನೆಯ ಶನಿವಾರ ಹಂದಿಯೂ ಒಪ್ಪಿತು. ಎಂಟನೆಯ ಶನಿವಾರ ಡಬ್ಬಿಯ ಅಗತ್ಯವೇ ಬೀಳಲಿಲ್ಲ. ಸೈರನ್ ಮೊದಲ ಉಸಿರು ಎಳೆಯುವಷ್ಟರಲ್ಲಿ ಇಡೀ ಸೈನ್ಯ ಸಾಲಾಗಿ ಮೆಟ್ಟಿಲಿಳಿದು ತಂತಮ್ಮ ಸ್ಥಾನ ಅಲಂಕರಿಸಿತು. ಆವತ್ತಿನಿಂದ ನೆಲಮಾಳಿಗೆಯ ಬಾಗಿಲನ್ನು ಸದಾ ತೆರೆದೇ ಇಟ್ಟೆ. "ಕೌಂಟಿ ಆಡಳಿತಕ್ಕಿಲ್ಲದ ಶಿಸ್ತು ನನ್ನ ಆಡುಗಳಿಗಿದೆ" ಎಂದು ಅಂಕಣವನ್ನೂ ಬರೆದೆ.

"ಅವುಗಳದ್ದಾಯ್ತು. ನಮಗೂ ಒಂದ್ಸಲ ಅಭ್ಯಾಸ ಮಾಡಿಸ್ತೀಯಾ?" ಎಂದಳು ವರ್ಲೀನ್.

"ನಾವು ಮನುಷ್ಯರು ಕಣೇ. ನಮಗೆ ಬುದ್ಧಿ ಇದೆ."

ಮೇ ತಿಂಗಳ ಒಂದು ಮಂಗಳವಾರ, ಸಂಜೆ ಐದರ ಹೊತ್ತಿಗೆ, ಆಕಾಶ ಹಳೇ ತಾಮ್ರದ ಪಾತ್ರೆಯ ಕಿಲುಬಿನ ಬಣ್ಣಕ್ಕೆ ತಿರುಗಿತು. ಸೈರನ್ ಕೂಗಿತು. ಬುದ್ಧಿ ಇರುವ ಮನುಷ್ಯರಾದ ನಾವು ಆಗೇನು ಮಾಡುತ್ತೇವೆಂದರೆ, ಮನೆಯ ಮುಂದೆ ಹೋಗಿ ನಿಲ್ಲುತ್ತೇವೆ. ಬೀದಿಯ ಗಂಡಸರೆಲ್ಲ ನಿಂತಿದ್ದರು, ಕೈಕಟ್ಟಿ, ನೈಋತ್ಯಕ್ಕೆ ಮುಖಮಾಡಿ, ಚರ್ಚಿನಲ್ಲೂ ತೋರಿಸದ ಶ್ರದ್ಧೆಯಿಂದ. ಮೋಡದಿಂದ ಒಂದು ಸೊಂಡಿಲು ಇಳಿಯುತ್ತಿತ್ತು.

"ಉತ್ತರಕ್ಕೆ ತಿರುಗುತ್ತೆ ಬಿಡು," ಎಂದ ಎದುರುಮನೆಯವನು.

"ತಿರುಗಲೇಬೇಕು," ಎಂದೆ ನಾನು. ಅದು ನಮ್ಮ ಮಾತು ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ರೊಸೆಟ್ಟಾ ಓಡುತ್ತ ಬಂದಳು. ಬೀದಿಯ ಕೊನೆಯ ಟ್ರೇಲರ್ ಮನೆಯವಳು ಅವಳು. ಜೋರಾಗಿ ಸೀನಿದರೂ ಅಲುಗಾಡುವ ತಗಡಿನ ಮನೆ ಅದು. ಎಪ್ಪತ್ತೆರಡು ವರ್ಷ, ಕಂಕುಳಲ್ಲಿ ಒಕ್ಕಣ್ಣಿನ ನಾಯಿ.

"ಠಾಣೆ ಬಾಗಿಲ ತನಕ ಹೋಗಿದ್ದೆ," ಎಂದಳು ಏದುಸಿರಲ್ಲಿ. "ನಾಯೀನ ಹೊರಗೆ ಬಿಟ್ಟು ಬಾ ಅಂದ್ರು. ನೀನು ಪೇಪರಲ್ಲಿ ಬರೆದಿದ್ದೆಯಲ್ಲ ಕ್ಲೈಟಸ್, ಅದಕ್ಕೇ ಬಂದೆ."

ಹತ್ತೊಂಬತ್ತು ವರ್ಷದಲ್ಲಿ ನಾನು ಬರೆದದ್ದನ್ನು ನಂಬಿ ಒಬ್ಬರು ಒಂದು ಹೆಜ್ಜೆ ಇಟ್ಟದ್ದು ಅದೇ ಮೊದಲು. ಹೆಮ್ಮೆಪಡಲು ಪುರುಸೊತ್ತಿರಲಿಲ್ಲ. ವರ್ಲೀನಳನ್ನೂ ಅತ್ತೆಯನ್ನೂ ಕೂಗಿ, ನಾವು ನಾಲ್ವರೂ ಹಿತ್ತಲಿಗೆ ಓಡಿದೆವು.

ನೆಲಮಾಳಿಗೆಯೊಳಗೆ ಇಣುಕಿದರೆ, ಸಭೆ ಆಗಲೇ ತುಂಬಿದೆ. ಎರಡೂ ಬೆಂಚುಗಳ ಮೇಲೆ ಆಡುಗಳು, ಲಾಟೀನು ಇಡುವ ಹಲಗೆಯ ಮೇಲೆ ಕೋಳಿಗಳು, ನೆಲ ಪೂರ್ತಿ ಹಂದಿ. ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಜೋಳ ಎಲ್ಲಿ?

"ಹೊರಗೆ ಹಾಕು ಇವನ್ನ," ಎಂದಳು ವರ್ಲೀನ್.

ಆಗ ಹೊಳೆಯಿತು. ಒಳಗೆ ಹೋಗುವುದನ್ನು ಕಲಿಸಿದ್ದೆನೇ ಹೊರತು ಹೊರಗೆ ಬರುವುದನ್ನಲ್ಲ. ಸೈರನ್ ನಿಂತ ಮೇಲೆ ಅವು ತಾವಾಗಿ ಎದ್ದು ಬರುತ್ತಿದ್ದವು. ಸೈರನ್ ಇನ್ನೂ ಕೂಗುತ್ತಿತ್ತು. ಅತ್ತೆ ಹಂದಿಯ ಬೆನ್ನ ಮೇಲೆಯೇ ಕಾಲಿಟ್ಟು ಇಳಿದು, ಎರಡು ಆಡುಗಳ ನಡುವೆ ತೂರಿ ಕೂತಳು. ಅವಳ ಪಕ್ಕ ವರ್ಲೀನ್ ಅಡ್ಡಡ್ಡ ತುರುಕಿಕೊಂಡಳು. ಉಳಿದದ್ದು ಒಂದು ಆಳಿನ ಜಾಗ. ಮೆಟ್ಟಿಲ ಮೇಲೆ ಇಬ್ಬರು: ನಾನು, ರೊಸೆಟ್ಟಾ.

ನಿಮ್ಮೆದುರು ಸುಳ್ಳು ಹೇಳಲಾರೆ. ಸಕಲ ಜೀವಿಗಳ ರಕ್ಷಕನಾದ ನಾನು ಹತ್ತಿರದ ಆಡಿನ ಕೊಂಬು ಹಿಡಿದು, ಬಲವೆಲ್ಲ ಬಿಟ್ಟು ಎಳೆದೆ. ಆಡು ಕದಲಲಿಲ್ಲ. ರೊಸೆಟ್ಟಾ ನಾಯಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅದೇ ಹೆಜ್ಜೆಯನ್ನು ಅವಳು ಠಾಣೆಯ ಬಾಗಿಲಲ್ಲೂ ಇಟ್ಟಿರಬೇಕು. ನಾನು ಕೊಂಬು ಬಿಟ್ಟೆ.

"ಇಳಿ ಅಜ್ಜಿ," ಎಂದೆ.

"ಕ್ಲೈಟಸ್," ಎಂದಳು ವರ್ಲೀನ್, ಆಡಿನ ಹಿಂದಿನಿಂದ ಕತ್ತು ಚಾಚಿ. "ಬಾತ್‌ಟಬ್. ಮನೇಲಿ ಗಟ್ಟಿಯಾಗಿರೋದು ಅದೊಂದೇ. ಅದರಲ್ಲಿ ಮಲಗಿ, ಮೇಲೆ ನಿನ್ನ ಕಡೆಯ ಹಾಸಿಗೆ ಎಳ್ಕೋ. ನನ್ನದು ಮುಟ್ಟಬೇಡ, ಹೊಸದು."

ನೆಲಮಾಳಿಗೆಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು.

ಟಬ್ಬಿನಲ್ಲಿ ಹಾಸಿಗೆಯಡಿ ಮಲಗಿ ಆ ನಾಲ್ಕು ನಿಮಿಷ ನಾನು ಪ್ರಾರ್ಥಿಸಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆಡುಗಳನ್ನು ಬೈದೆ. ಗೂಡ್ಸ್ ರೈಲೊಂದು ಚಾವಣಿ ಹತ್ತಿ ಇಳಿದ ಸದ್ದಾಯಿತು. ಎದ್ದು ನೋಡಿದರೆ ಅಡುಗೆಮನೆಯ ಕಿಟಕಿಗಳಿರಲಿಲ್ಲ, ಕೋಳಿಗೂಡು ಪಕ್ಕದ ಕೌಂಟಿಯ ಪಾಲಾಗಿತ್ತು. ರೊಸೆಟ್ಟಾಳ ಟ್ರೇಲರ್ ಇದ್ದ ಜಾಗದಲ್ಲಿ ಮೂರು ಮೆಟ್ಟಿಲು ಮಾತ್ರ ಇದ್ದವು.

ನೆಲಮಾಳಿಗೆಯಿಂದ ಹತ್ತಿ ಬಂದ ಅವಳು ಆ ಮೆಟ್ಟಿಲುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಾಯಿಯನ್ನು ನೆಲಕ್ಕೆ ಬಿಟ್ಟಳು. ಅದು ನೇರವಾಗಿ ನಮ್ಮ ಮನೆಯೊಳಗೆ ಹೋಯಿತು.

ಈಗ ಹನ್ನೆರಡು ದಿನವಾಯಿತು. ರೊಸೆಟ್ಟಾ ವರ್ಲೀನಳ ಜೊತೆ ನಮ್ಮ ಕೋಣೆಯಲ್ಲಿ ಮಲಗುತ್ತಾಳೆ, ನನ್ನ ಕಡೆಯ ಹಾಸಿಗೆಯಲ್ಲಿ. ಸೋಫಾ ನಾಯಿಗೆ ಹೋಯಿತು. ನಾನು ಎಲ್ಲಿ ಮಲಗುತ್ತೇನೆಂದು ಊಹಿಸಿ. (ನಲ್ಲಿ ಸ್ವಲ್ಪ ಸೋರುತ್ತದೆ.)

"ಎಷ್ಟು ದಿನ ಹೀಗೆ?" ಎಂದು ನಿನ್ನೆ ವರ್ಲೀನಳನ್ನು ಕೇಳಿದೆ.

"ಕೌಂಟಿಯವರು ಅವಳಿಗೆ ಮನೆ ಕೊಡೋ ತನಕ. ಬೇಗ ಕೊಡಿ ಅಂತ ನಿನ್ನ ಅಂಕಣದಲ್ಲಿ ಬರಿ."

ಬರೆದಿದ್ದೇನೆ, ಇದೋ ಇದೇ. ನಾನು ಬರೆದದ್ದಕ್ಕೆ ನಮ್ಮ ಕೌಂಟಿ ಎಷ್ಟು ಬೇಗ ಅಲುಗಾಡುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಟಬ್ಬಿನ ಅಳತೆಗೊಂದು ಹಾಸಿಗೆ ಹೊಲಿಸಲು ಕೊಟ್ಟು ಬಂದೆ.