ಕಂಪ್ಯೂಟರ್ ಕೇಳುತ್ತಿದ್ದ ಒಂದು ಪ್ರಶ್ನೆ

ಅನಘಾ, ಚಿರಂತ್, ನಿಮ್ಮಜ್ಜಿಯನ್ನು ಯಾರು ಏನು ಕೇಳಿದರೂ ಮೊದಲು ಬಾಯಿಗೆ ಬರುವುದು ‘ಬೇಡ’ ಎಂಬ ಮಾತು. ನೆಂಟರ ಮನೆಯಲ್ಲಿ ಎಷ್ಟೇ ಹಸಿದಿದ್ದರೂ ಎರಡನೇ ಹೋಳಿಗೆ ಬೇಡ. ಕಾಲು ನೋಯುತ್ತಿದ್ದರೂ ಬಸ್ಸಿನಲ್ಲಿ ಯಾರೋ ಎದ್ದು ಬಿಟ್ಟುಕೊಟ್ಟ ಸೀಟು ಬೇಡ. ಹಳ್ಳಿಯ ಶಾಲೆಯ ಕಡೆಯ ಸಾಲಿನಲ್ಲಿ ಕೂತಾಗಿನಿಂದ ಅಂಟಿಕೊಂಡ ಸಂಕೋಚ. ಅದು ಒಮ್ಮೆ ನನ್ನ ಕೆಲಸಕ್ಕೇ ಕುತ್ತು ತಂದಿತ್ತು.

ನಿಮ್ಮ ತಾತ ತೀರಿಕೊಂಡ ಮೇಲೆ ಜಯನಗರದಲ್ಲಿ, ಕಟ್ಟಡ ಕಟ್ಟಿಸುವ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದೆ. ನಿಮ್ಮಮ್ಮ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ. ಹೊಸದರಲ್ಲಿ ಸಾಹೇಬರ ಪತ್ರದಲ್ಲೊಂದು ತಪ್ಪು ಕಂಡು ನಾನೇ ತಿದ್ದಿದೆ. “ಬದಲಾಯಿಸಿ ಅಂತ ನಿಮಗೆ ಯಾರ್ರೀ ಹೇಳಿದ್ದು?” ಎಂದು ಗುಡುಗಿದರು. ಆಮೇಲೆ ಅವರು ಬರೆದದ್ದರಲ್ಲಿ ನಾನು ಒಂದು ಚುಕ್ಕೆಯನ್ನೂ ಮುಟ್ಟಲಿಲ್ಲ.

ಕೆಲವು ವರ್ಷಗಳಾದ ಮೇಲೆ ಆಫೀಸಿಗೆ ಕಂಪ್ಯೂಟರ್ ಬಂತು. ಬಾಣಂತಿಯ ಮಗುವಿನ ಹಾಗೆ ಅದಕ್ಕೊಂದು ಹೊದಿಕೆ, ಬೇರೆ ಕೋಣೆ. ನಾವು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಪಾಯ ಯಾವತ್ತು ಮುಗಿಯಬೇಕು, ಗೋಡೆ ಯಾವತ್ತು ಏಳಬೇಕು, ತಾರಸಿಯ ಮೋಲ್ಡ್ ಯಾವತ್ತು ಹಾಕಬೇಕು ಎಂಬುದೆಲ್ಲ ಇನ್ನು ಅದರೊಳಗೇ ಇರಬೇಕಂತೆ. ಜೆ.ಪಿ. ನಗರದ ಕಟ್ಟಡದ ಪಟ್ಟಿಗೆ ಮೊದಲ ನಾಲ್ಕು ಸಾಲು ಸಾಹೇಬರೇ ಹಾಕಿದ್ದರು. ಉಳಿದದ್ದನ್ನು ಸೇರಿಸುವುದು ನನ್ನ ಪಾಲಿಗೆ ಬಂತು.

“ಶನಿವಾರ ಪಟ್ಟಿ ನನ್ನ ಕೈಲಿರ್ಬೇಕು. ನಿಮ್ಮಿಂದ ಆಗಲ್ಲ ಅಂದ್ರೆ ಕಂಪ್ಯೂಟರ್ ಗೊತ್ತಿರೋರ್‍ನ ತಗೋಬೇಕಾಗತ್ತೆ” ಎಂದರು. ಟೈಪ್‌ರೈಟರನ್ನು ಆಗಲೇ ಮೂಲೆಗೆ ಸರಿಸಿಯಾಗಿತ್ತು. ಮುಂದಿನ ಸರದಿ ನನ್ನದೇ.

ಸೋಮವಾರ ದಿನವಿಡೀ ಟೈಪ್ ಹೊಡೆದೆ. ಮಂಗಳವಾರ ಬಂದು ನೋಡಿದರೆ ಸಾಹೇಬರ ನಾಲ್ಕು ಸಾಲು ಮಾತ್ರ ಇವೆ. ಮತ್ತೆ ಹೊಡೆದೆ. ಬುಧವಾರವೂ ಅದೇ ನಾಲ್ಕು. ಗುರುವಾರ ನಮ್ಮ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದ ಶೈಲಾ ಪಕ್ಕದಲ್ಲಿ ಬಂದು ಕೂತಳು.

“ಅಕ್ಕ, ಮುಚ್ಚೋವಾಗ ಅದು ಏನಾದ್ರೂ ಕೇಳತ್ತಾ?”

“ಕೇಳತ್ತಮ್ಮ. ಬದಲಾವಣೆಗಳನ್ನ ಉಳಿಸ್ಲಾ ಅಂತ ಇಂಗ್ಲಿಷಲ್ಲಿ ಕೇಳತ್ತೆ.”

“ನೀವು ಯಾವ್ದು ಒತ್ತಿದ್ರಿ?”

“ಬೇಡ ಅಂತ. ಸಾಹೇಬ್ರ ಪಟ್ಟೀನ ಬದಲಾಯಿಸೋಕೆ ನಾನ್ಯಾರು?”

ಶೈಲಾ ಮೇಜು ಹಿಡಿದುಕೊಂಡು ನಕ್ಕಳು. ಸದ್ದು ಕೇಳಿ ಸಾಹೇಬರೂ ಬಂದರು. ಅವಳು ವಿಷಯ ಹೇಳುತ್ತಿದ್ದಂತೆ ನಾನು ಮನಸ್ಸಿನಲ್ಲೇ ಊಟದ ಡಬ್ಬಿ, ಕೊಡೆ ಎತ್ತಿಟ್ಟುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ಬದಲಾಯಿಸಿ ತಾಯಿ. ನಾನೇ ಹೇಳ್ತಿದೀನಿ, ಬದಲಾಯಿಸಿ.”

ಅವರು ಅತ್ತ ಹೋದ ಮೇಲೆ ಶೈಲಾ ನನ್ನ ಕಿವಿಯಲ್ಲಿ, “ಅಕ್ಕ, ಅದು ನಿಮ್ಮತ್ತೆ ಅಲ್ಲ. ಧೈರ್ಯವಾಗಿ ಹೂಂ ಅನ್ನಿ” ಎಂದಳು. ಅಂದೆ. ಶನಿವಾರ ಪಟ್ಟಿ ಸಾಹೇಬರ ಕೈಯಲ್ಲಿತ್ತು, ನಿವೃತ್ತಿಯವರೆಗೆ ನಾನು ಅದೇ ಕುರ್ಚಿಯಲ್ಲಿದ್ದೆ.

ಅನಘಾ, ಇದನ್ನೆಲ್ಲ ಮೊನ್ನೆ ನಿನ್ನ ಲ್ಯಾಪ್‌ಟಾಪಿನಲ್ಲೇ ಬರೆದಿದ್ದೆ. ಮುಚ್ಚುವಾಗ ಅದೇ ಹಳೆಯ ಪ್ರಶ್ನೆ. ಮುದುಕಿಯ ಹರಟೆಯನ್ನು ಉಳಿಸಿ ಯಾರಿಗೇನು ಎಂದು ಸಂಕೋಚವಾಯಿತು. ಬೆರಳು ತಾನೇ ಹೋಗಿ ‘ಬೇಡ’ ಒತ್ತಿಬಿಟ್ಟಿತು. ಹಾಗಾಗಿ ಎರಡನೆಯ ಸಲ ಪೆನ್ನಿನಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ. ಇಟ್ಟುಕೊಳ್ಳಲೇ ಅಜ್ಜಿ ಎಂದು ಮಾತ್ರ ನನ್ನನ್ನು ಕೇಳಬೇಡಿ.